ಕಿಟಕಿ ಚೌಕವಾಗಿದ್ದದ್ದಕ್ಕೇ ಕಾಮೆಟ್ ಬಿತ್ತಾ?

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ, ವಯಸ್ಸು 66. ಮುಂದಿನ ತಿಂಗಳು ಮಗಳ ಬಾಣಂತನಕ್ಕೆ ಜರ್ಮನಿಗೆ ಹೊರಟಿದ್ದೇನೆ. ಮಗ ಕಿಟಕಿ ಪಕ್ಕದ ಸೀಟು ಬುಕ್ ಮಾಡಿದ್ದಾನೆ. ಮೊನ್ನೆ ತಮ್ಮನ ಮೊಮ್ಮಗ ಒಂದು ವಿಡಿಯೊ ತೋರಿಸಿದ. ಕಾಮೆಟ್ ಅನ್ನುವ ಮೊದಲ ಜೆಟ್ ವಿಮಾನಕ್ಕೆ ಚೌಕ ಕಿಟಕಿಗಳಿದ್ದವಂತೆ, ಅವುಗಳ ಮೂಲೆ ಬಿರುಕು ಬಿಟ್ಟು ವಿಮಾನ ಆಕಾಶದಲ್ಲೇ ಒಡೆಯಿತಂತೆ. ನಮ್ಮ ಮಾವನವರು ರೈಲ್ವೆಯಲ್ಲಿ ಖರಗ್‌ಪುರದಲ್ಲಿದ್ದವರು. 1953ರಲ್ಲಿ ಕಲ್ಕತ್ತೆ ಹತ್ತಿರ ಕಾಮೆಟ್ ಬಿದ್ದದ್ದನ್ನು ಹೇಳುತ್ತಿದ್ದರು. ಅದೂ ಕಿಟಕಿಯಿಂದಲೇ ಆಗಿದ್ದಾ? ಹೋದ ಸಲ ದೆಹಲಿಗೆ ಹೋದಾಗ ನನ್ನ ಕಿಟಕಿಯ ಕೆಳಗಡೆ ಒಂದು ಸಣ್ಣ ತೂತು ಕಂಡಿತ್ತು, ಗಾಜಿನ ಮೇಲೆ ಗೀರುಗಳೂ ಇದ್ದವು. ಈಗ ಹೋಗುವ ವಿಮಾನ 14 ವರ್ಷ ಹಳೆಯದು ಎಂದು ಮಗ ಹುಡುಕಿ ಹೇಳಿದ. ಸೀಟು ಬದಲಿಸಲೇ? ಟಿಕೆಟ್ಟನ್ನೇ ಬದಲಿಸಲೇ?

ಉತ್ತರ: ಮೇಡಂ, ತೂತಿನ ವಿಷಯ ಮೊದಲು ಮುಗಿಸಿಬಿಡೋಣ. ಅದು ಬೇಕೆಂದೇ ಕೊರೆದ ತೂತು. ವಿಮಾನದ ಕಿಟಕಿಯಲ್ಲಿ ಸಾಮಾನ್ಯವಾಗಿ ಮೂರು ಹಾಳೆಗಳಿರುತ್ತವೆ. ಗಾಜಲ್ಲ, ಅಕ್ರಿಲಿಕ್. ನಿಮ್ಮ ಕೈಗೆ ಸಿಗುವುದು ತೆಳ್ಳಗಿನ ಒಳಹಾಳೆ. ಮಕ್ಕಳು ಗೀಚಿದರೆ ಗೀಚಲಿ, ನಿದ್ದೆಗಣ್ಣಲ್ಲಿ ಹಣೆ ತಾಗಿದರೆ ತಾಗಲಿ ಅಂತ ಇರುವಂಥದ್ದು. ಒತ್ತಡ ಹೊರುವುದು ಎಲ್ಲಕ್ಕಿಂತ ಹೊರಗಿನ ಹಾಳೆ. ನಡುವಿನದು ಅದಕ್ಕೆ ಬದಲಿ ಆಳು. ಹೊರಗಿನದು ಕೈಕೊಟ್ಟರೆ ಮಾತ್ರ ಅದು ಕೆಲಸಕ್ಕೆ ನಿಲ್ಲುತ್ತದೆ. ಅಲ್ಲಿಯವರೆಗೆ ಅದರ ಮೇಲೆ ಭಾರ ಬೀಳಬಾರದು ಅಂತಲೇ ಆ ತೂತು. ಕಿಟಕಿಗೆ ಮಂಜು ಕಟ್ಟದ ಹಾಗೆಯೂ ಅದು ನೋಡಿಕೊಳ್ಳುತ್ತದೆ. ನೀವು ಕಂಡ ಗೀರುಗಳು ಒಳಹಾಳೆಯವು. ಲೆಕ್ಕಕ್ಕಿಲ್ಲ.

ಈಗ ಕಾಮೆಟ್. ನಾನು 31 ವರ್ಷ ವಿಮಾನದ ಮೈತಗಡು, ರಿವೆಟ್ಟು, ಬಿರುಕು ನೋಡಿಕೊಂಡೇ ಸಂಬಳ ತಗೊಂಡವನು. ಕೆಲಸ ಕಲಿಯಲು ಬಂದ ಹುಡುಗರೆಲ್ಲ ಮೊದಲ ವಾರ ಹೇಳುತ್ತಿದ್ದದ್ದು ನಿಮ್ಮ ಮೊಮ್ಮಗನ ವಿಡಿಯೊದ ಮಾತನ್ನೇ: "ಸರ್, ಚೌಕ ಕಿಟಕಿ." ಪೂರ್ತಿ ಸುಳ್ಳಲ್ಲ. ಆದರೆ ಹಾಗೆ ಹೇಳಿದರೆ ಕಾಮೆಟ್ ಮಾಡಿದವರು ದಡ್ಡರು ಅನಿಸಿಬಿಡುತ್ತದೆ. ಅವರು ದಡ್ಡರಾಗಿರಲಿಲ್ಲ. ನನಗೆ ಇವತ್ತಿಗೂ ದಿಗಿಲು ಹುಟ್ಟಿಸುವುದು ಅದೇ.

ಕಾಮೆಟ್ಟನ್ನು ಕಟ್ಟಿದ್ದು ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿ. ವಿನ್ಯಾಸದ ಮುಖ್ಯಸ್ಥ ರೊನಾಲ್ಡ್ ಬಿಷಪ್. 1949ರ ಜುಲೈ 27ರಂದು ಹ್ಯಾಟ್‌ಫೀಲ್ಡ್‌ನಿಂದ ಮೊದಲ ಸಲ ಹಾರಿಸಿದವನು ಜಾನ್ ಕನ್ನಿಂಗ್‌ಹ್ಯಾಮ್. ಅವತ್ತು ಅವನ ಹುಟ್ಟುಹಬ್ಬ, ಕಂಪನಿಯ ಯಜಮಾನ ಜೆಫ್ರಿ ಡಿ ಹ್ಯಾವಿಲೆಂಡ್‌ನದೂ ಹುಟ್ಟುಹಬ್ಬ. 1952ರ ಮೇ 2ರಂದು ಲಂಡನ್‌ನಿಂದ ಜೊಹಾನ್ಸ್‌ಬರ್ಗ್‌ಗೆ 36 ಪ್ರಯಾಣಿಕರ ಜೊತೆ ಹೊರಟಿತು. ದುಡ್ಡು ಕೊಟ್ಟ ಪ್ರಯಾಣಿಕರನ್ನು ಹೊತ್ತ ಜಗತ್ತಿನ ಮೊದಲ ಜೆಟ್ ವಿಮಾನ ಸೇವೆ ಅದು. ಅಲ್ಲಿಯವರೆಗೆ ವಿಮಾನ ಅಂದರೆ ಗಡಗಡ ನಡುಕ, ಮೋಡದ ಮಧ್ಯೆ ತೂರಾಟ. ಇದು ಮೋಡದ ಮೇಲೆ, 35,000 ಅಡಿಗೂ ಎತ್ತರದಲ್ಲಿ, ಹೆಚ್ಚುಕಡಿಮೆ ಒಂದೂವರೆ ಪಟ್ಟು ವೇಗದಲ್ಲಿ ಹೋಗುತ್ತಿತ್ತು.

ಆ ಎತ್ತರಕ್ಕೆ ಒಂದು ಬೆಲೆ ಇದೆ. ಅಲ್ಲಿ ಹೊರಗಿನ ಗಾಳಿಯಲ್ಲಿ ಮನುಷ್ಯ ಬದುಕಲಾರ. ಹಾಗಾಗಿ ಒಳಗೆ ಗಾಳಿ ತುಂಬಬೇಕು. ಕಾಮೆಟ್ 40,000 ಅಡಿಯಲ್ಲಿದ್ದರೂ ಒಳಗೆ 8,000 ಅಡಿಯಲ್ಲಿ ಇದ್ದ ಹಾಗೆ ಇರುತ್ತಿತ್ತು. ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಎತ್ತರ ಅಂದುಕೊಳ್ಳಿ. ಅಂದರೆ ಒಳಗಿನ ಗಾಳಿ ಮೈತಗಡಿನ ಪ್ರತಿ ಚದರ ಮೀಟರನ್ನು ಐದೂವರೆ ಟನ್ನಿಗೂ ಜಾಸ್ತಿ ಭಾರದಿಂದ ಹೊರಗೆ ತಳ್ಳುತ್ತಿರುತ್ತದೆ. ಆ ತಗಡಿನ ದಪ್ಪ ಎಷ್ಟು ಗೊತ್ತಾ? ಬಹುಪಾಲು ಕಡೆ ಸುಮಾರು 0.7 ಮಿಲಿಮೀಟರ್. ವಿಮಾನ ಏರಿದಾಗ ಮೈ ಊದಿಕೊಳ್ಳುತ್ತದೆ, ಇಳಿದಾಗ ಸಡಿಲವಾಗುತ್ತದೆ. ಕಣ್ಣಿಗೆ ಕಾಣದಷ್ಟು. ಆದರೆ ಪ್ರತಿ ಸಲ.

ಬಟ್ಟೆ ಅಂಗಡಿಯಲ್ಲಿ ಲಂಗದ ಬಟ್ಟೆ ಹರಿದು ಕೊಡುವುದನ್ನು ನೋಡಿರುತ್ತೀರಲ್ಲ. ಬರೀ ಕೈಯಲ್ಲಿ ಎಳೆದರೆ ಆ ಬಟ್ಟೆ ಜಗ್ಗುವುದಿಲ್ಲ. ಅಂಚಿನಲ್ಲಿ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕುತ್ತಾರೆ, ಆಮೇಲೆ ಪರ್ರನೆ ಹರಿಯುತ್ತದೆ. ಎಳೆತವೆಲ್ಲ ಹೋಗಿ ಆ ಕಚ್ಚಿನ ತುದಿಯಲ್ಲಿ ಕೂರುತ್ತದೆ. ವಿಮಾನದ ಮೈಯಲ್ಲಿ ಕಿಟಕಿಗೆ, ಬಾಗಿಲಿಗೆ, ರಿವೆಟ್ಟಿಗೆ ಅಂತ ಮಾಡಿದ ಪ್ರತಿ ತೂತೂ ಅಂಥದ್ದೊಂದು ಕಚ್ಚೇ. ಮೂಲೆ ಚೂಪಾದಷ್ಟೂ ಎಳೆತ ಜಾಸ್ತಿ. ಒಂದೇ ಸಲ ಎಳೆದರೆ ಲೋಹ ತಡೆದುಕೊಳ್ಳುತ್ತದೆ. ಸಾವಿರ ಸಲ ಎಳೆದು ಬಿಟ್ಟರೆ ಆ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ನಾವು ಇದನ್ನು ಫಟೀಗ್ ಅನ್ನುತ್ತೇವೆ, ಲೋಹದ ದಣಿವು. ಮನುಷ್ಯರ ದಣಿವಿಗೂ ಇದಕ್ಕೂ ಒಂದು ವ್ಯತ್ಯಾಸ: ಲೋಹಕ್ಕೆ ರಜೆ ಕೊಟ್ಟರೂ ಅದು ಹೋಗುವುದಿಲ್ಲ.

ಡಿ ಹ್ಯಾವಿಲೆಂಡ್‌ನವರಿಗೆ ಇದು ಗೊತ್ತಿತ್ತು. ಕಾಮೆಟ್‌ನ ಕಿಟಕಿಗಳು ಚೌಕವೇ, ಆದರೆ ಮೂಲೆಗಳನ್ನು ದುಂಡು ಮಾಡಿದ್ದರು. ಅಷ್ಟೇ ಅಲ್ಲ, ವಿಮಾನದ ಮುಂಭಾಗದ ಒಂದು ತುಂಡನ್ನು ಕಟ್ಟಿ, ಅದಕ್ಕೆ ಗಾಳಿಯೊತ್ತಡ ಹಾಕಿ ತೆಗೆದು, ಹಾಕಿ ತೆಗೆದು ಪರೀಕ್ಷೆ ಮಾಡಿದ್ದರು. 16,000 ಸಲದವರೆಗೆ ತಡೆದುಕೊಂಡಿತ್ತು. ವಿಮಾನವೊಂದು ತನ್ನ ಆಯುಸ್ಸಿನಲ್ಲಿ ಹಾರುವುದಕ್ಕಿಂತ ಅದು ಜಾಸ್ತಿ. ಎಲ್ಲರೂ ನೆಮ್ಮದಿಯಾಗಿ ಮಲಗಿದರು.

1954ರ ಜನವರಿ 10. ಸಿಂಗಪುರದಿಂದ ಬಂದು ರೋಮ್ ಬಿಟ್ಟು ಲಂಡನ್ ಕಡೆ ಏರುತ್ತಿದ್ದ ಕಾಮೆಟ್ ಎಲ್ಬಾ ದ್ವೀಪದ ಹತ್ತಿರ ಸಮುದ್ರಕ್ಕೆ ಬಿತ್ತು. 35 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಲಂಡನ್‌ನಿಂದ ಮೊದಲ ಸೇವೆಗೆ ಹೋಗಿತ್ತಲ್ಲ, ಅದೇ ವಿಮಾನ, 'ಯೋಕ್ ಪೀಟರ್'. ಅದನ್ನು ಹಾರಿಸುತ್ತಿದ್ದ ಬ್ರಿಟನ್ನಿನ ವಿಮಾನ ಕಂಪನಿ ಬಿಒಎಸಿ ತನ್ನ ಕಾಮೆಟ್‌ಗಳನ್ನೆಲ್ಲ ನಿಲ್ಲಿಸಿತು. ತೋಚಿದ ಕಡೆಯೆಲ್ಲ ರಿಪೇರಿ ಮಾಡಿ, ಮಾರ್ಚ್ 23ಕ್ಕೆ ಮತ್ತೆ ಹಾರಿಸಿದರು. ಕಾರಣ ಸಿಕ್ಕಿರಲಿಲ್ಲ. ಏಪ್ರಿಲ್ 8ಕ್ಕೆ ರೋಮ್‌ನಿಂದ ಕೈರೋಗೆ ಹೊರಟ ಇನ್ನೊಂದು ಕಾಮೆಟ್ ನೇಪಲ್ಸ್ ದಕ್ಷಿಣದ ಸಮುದ್ರದಲ್ಲಿ ಹೋಯಿತು, 21 ಜನ. ಕಾರಣ ತಿಳಿಯದೆ ಮತ್ತೆ ಹಾರಿಸಿದ ಆ 16 ದಿನಗಳನ್ನು ನೆನೆದರೆ ನನಗೆ ಕಿಟಕಿಯ ಆಕಾರಕ್ಕಿಂತ ಅದೇ ದೊಡ್ಡ ತಪ್ಪು ಅನಿಸುತ್ತದೆ. ಈ ಸಲ ಸರ್ಕಾರವೇ ಹಾರಾಟದ ಪರವಾನಗಿ ಕಿತ್ತುಕೊಂಡಿತು. ಹಣ ಎಷ್ಟಾದರೂ ಆಗಲಿ, ಕಾರಣ ಹುಡುಕಿ ಎಂದರು ಪ್ರಧಾನಿ ಚರ್ಚಿಲ್.

ಎರಡನೆಯದು ಬಿದ್ದ ಜಾಗ ತೀರಾ ಆಳ, ತಳಕ್ಕೆ ಹೋದದ್ದನ್ನು ತೆಗೆಯಲಾಗಲಿಲ್ಲ. ಎಲ್ಬಾ ಹತ್ತಿರ ಬ್ರಿಟಿಷ್ ನೌಕಾಪಡೆ ನೀರೊಳಗೆ ಟಿವಿ ಕ್ಯಾಮೆರಾ ಇಳಿಸಿ ಹುಡುಕಿತು. ಮೀನುಗಾರರ ಬಲೆಗೂ ತುಂಡುಗಳು ಸಿಕ್ಕವು. ಎಲ್ಲವನ್ನೂ ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರಕ್ಕೆ ತಂದು, ಮರದ ಚೌಕಟ್ಟಿನ ಮೇಲೆ ಒಂದೊಂದಾಗಿ ಜೋಡಿಸಿದರು. ಅಲ್ಲಿನ ಮುಖ್ಯಸ್ಥ ಆರ್ನಲ್ಡ್ ಹಾಲ್ ಇನ್ನೊಂದು ಕೆಲಸ ಮಾಡಿದ. ಸೇವೆಯಲ್ಲಿದ್ದ ಇಡೀ ಕಾಮೆಟ್ ಒಂದನ್ನು ನೀರಿನ ತೊಟ್ಟಿಯೊಳಗೆ ಕೂರಿಸಿದ. ರೆಕ್ಕೆಗಳು ಮಾತ್ರ ತೊಟ್ಟಿಯಿಂದ ಆಚೆ. ವಿಮಾನದೊಳಗೂ ನೀರು, ಹೊರಗೂ ನೀರು. ಒಳಗೆ ಇನ್ನಷ್ಟು ನೀರು ಪಂಪ್ ಮಾಡಿದರೆ ಒತ್ತಡ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಜೊತೆಗೆ ರೆಕ್ಕೆಗಳನ್ನು ಜ್ಯಾಕ್‌ಗಳಿಂದ ಮೇಲೆ ಕೆಳಗೆ ಆಡಿಸುವುದು. ಹಗಲೂ ರಾತ್ರಿ. ನೀರೇ ಯಾಕೆ? ಗಾಳಿ ತುಂಬಿ ಒಡೆದರೆ ಬಾಂಬಿನ ಹಾಗೆ ಸಿಡಿಯುತ್ತದೆ, ಯಾವ ಬಿರುಕು ಮೊದಲು ಅಂತ ಹೇಳಲು ಏನೂ ಉಳಿಯುವುದಿಲ್ಲ. ನೀರು ಹಿಗ್ಗುವುದಿಲ್ಲ. ಒಡೆದರೂ ಪುಸ್ ಅಂತ ನಿಂತುಬಿಡುತ್ತದೆ.

ಆ ವಿಮಾನ ಮೊದಲೇ 1,221 ಸಲ ನಿಜವಾಗಿ ಹಾರಿತ್ತು. ತೊಟ್ಟಿಯಲ್ಲಿ ಇನ್ನೂ 1,836 ಸಲ 'ಹಾರಿದ' ಮೇಲೆ, 1954ರ ಜೂನ್ 24ರಂದು ಹರಿಯಿತು. ನೀರು ಖಾಲಿ ಮಾಡಿ ನೋಡಿದರೆ, ಎಡಗಡೆ ಮುಂದಿನ ತುರ್ತು ಬಾಗಿಲಿನ ಮೂಲೆಯ ಹತ್ತಿರ, ಒಂದು ಬೋಲ್ಟಿನ ತೂತಿನಿಂದ ಶುರುವಾಗಿತ್ತು. ಸಮುದ್ರದಿಂದ ಮೇಲೆ ಬಂದ ಯೋಕ್ ಪೀಟರ್‌ನ ತುಂಡುಗಳು ಬೇರೊಂದು ಜಾಗ ತೋರಿಸಿದವು: ಚಾವಣಿಯ ಮೇಲೆ, ರೇಡಿಯೊ ಆಂಟೆನಾಗೆ ಅಂತ ಕೊರೆದ ಕಿಂಡಿಯ ಮೂಲೆ. ಆ ತುಂಡು ಈಗ ಲಂಡನ್‌ನ ಸೈನ್ಸ್ ಮ್ಯೂಸಿಯಂನಲ್ಲಿದೆ.

ಅಂದರೆ ನೋಡಿ, ಎರಡೂ ಕಡೆ ಪ್ರಯಾಣಿಕರ ಕಿಟಕಿ ಅಲ್ಲ. ಚೌಕದ ಕಿಂಡಿ, ಅದರ ಮೂಲೆ ಅನ್ನುವವರೆಗೆ ವಿಡಿಯೊ ಸರಿ. ಪಕ್ಕದಲ್ಲಿ ಕೂತವರ ಕಿಟಕಿ ಸಿಡಿಯಿತು ಅನ್ನುವುದು ಸುಮ್ನೆ ಸೇರಿಸಿದ್ದು.

ಸರಿ, 16,000 ಸಲ ತಡೆದುಕೊಂಡ ವಿನ್ಯಾಸ ಆಕಾಶದಲ್ಲಿ 1,290 ಹಾರಾಟಕ್ಕೇ ಯಾಕೆ ಹರಿಯಿತು? ನೇಪಲ್ಸ್ ಹತ್ತಿರ ಬಿದ್ದದ್ದು ಇನ್ನೂ ಬೇಗ, ಸುಮಾರು 900ಕ್ಕೇ. ಇದರ ಉತ್ತರ ಯಾವ ವಿಡಿಯೊದಲ್ಲೂ ಬರುವುದಿಲ್ಲ. ಪರೀಕ್ಷೆಗೆ ಇಟ್ಟ ಆ ತುಂಡಿಗೆ ಮೊದಲು 'ಎಷ್ಟು ಗಟ್ಟಿ ನೋಡೋಣ' ಅಂತ ಮಾಮೂಲಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಒತ್ತಡ ಕೊಟ್ಟಿದ್ದರು. ಆ ಜೋರಿಗೆ ಮೂಲೆಗಳಲ್ಲಿನ ಲೋಹ ಸ್ವಲ್ಪ ಹಿಗ್ಗಿ ಹಾಗೇ ಉಳಿಯಿತು. ಒತ್ತಡ ತೆಗೆದಾಗ ಸುತ್ತಲಿನ ತಗಡು ಹಳೆಯ ಅಳತೆಗೆ ವಾಪಸ್ ಬರುತ್ತಾ, ಹಿಗ್ಗಿದ ಮೂಲೆಯನ್ನು ನಾಲ್ಕೂ ಕಡೆಯಿಂದ ಒತ್ತಿ ಹಿಡಿಯಿತು. ಒತ್ತಿ ಹಿಡಿದ ಜಾಗದಲ್ಲಿ ಬಿರುಕು ಬಾಯಿ ಬಿಡುವುದು ಕಷ್ಟ. ಅಂದರೆ ಪರೀಕ್ಷೆಯೇ ಆ ತುಂಡಿಗೆ ಟಾನಿಕ್ ಕುಡಿಸಿತ್ತು. ಪ್ರಯಾಣಿಕರು ಹತ್ತಿದ ವಿಮಾನಗಳಿಗೆ ಅಷ್ಟು ಜೋರಿನ ಒತ್ತಡ ಯಾವತ್ತೂ ಕೊಟ್ಟಿರಲಿಲ್ಲ. ಪರೀಕ್ಷೆ ಪಾಸಾದದ್ದು ಒಂದು ವಿಮಾನ, ಹಾರಿದ್ದು ಇನ್ನೊಂದು.

ನೀವು ಮೇಷ್ಟ್ರಾಗಿದ್ದವರು, ನಿಮಗೆ ಬೇಗ ಅರ್ಥವಾಗುತ್ತದೆ. ಟ್ಯೂಷನ್‌ನಲ್ಲಿ ಅದೇ ಪ್ರಶ್ನೆಪತ್ರಿಕೆ ಬಿಡಿಸಿದ ಹುಡುಗನ ಅಂಕ ನೋಡಿ ಇಡೀ ತರಗತಿ ಜಾಣರು ಅಂದ ಹಾಗೆ ಆಯಿತು.

ನನ್ನ ಕೆಲಸದಲ್ಲೂ ಒಂದು ಸಲ ಹೀಗೆ ಆಗಿತ್ತು, ಇಷ್ಟು ದೊಡ್ಡದಲ್ಲ. ಒಂದು ಬಿಡಿಭಾಗ ಪರೀಕ್ಷೆಯಲ್ಲಿ ಲೆಕ್ಕಕ್ಕಿಂತ ಮೂರು ಪಟ್ಟು ಬಾಳಿಕೆ ಬಂತು. ಎಲ್ಲರಿಗೂ ಖುಷಿ, ಯಾರೋ ಮೈಸೂರು ಪಾಕ್ ತರಿಸಿದರು. ನಮ್ಮ ಹಿರಿಯರೊಬ್ಬರು ಮಾತ್ರ ತಿನ್ನಲಿಲ್ಲ. "ಯಾಕೆ ಇಷ್ಟು ಚೆನ್ನಾಗಿ ಬಂತು, ಅದನ್ನ ಹೇಳು ಮೊದ್ಲು" ಅಂದರು. ನೋಡಿದರೆ ಪರೀಕ್ಷೆಯ ತುಂಡಿನ ತೂತುಗಳನ್ನು ಕೊರೆದವನು ಕೈ ಪಳಗಿದವನು, ಅಂಚನ್ನು ಕನ್ನಡಿಯ ಹಾಗೆ ನಯ ಮಾಡಿದ್ದ. ಕಾರ್ಖಾನೆಯಲ್ಲಿ ಬರುತ್ತಿದ್ದ ತೂತುಗಳು ಹಾಗಿರಲಿಲ್ಲ. ಆ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಿದೆವು.

ಇನ್ನು ನಿಮ್ಮ ಮಾವನವರು ಹೇಳಿದ ಕಲ್ಕತ್ತೆಯ ವಿಮಾನ. ಅದು 1953ರ ಮೇ 2, ಕಾಮೆಟ್ ಸೇವೆ ಶುರುವಾಗಿ ಸರಿಯಾಗಿ ಒಂದು ವರ್ಷ. ಸಿಂಗಪುರದಿಂದ ಲಂಡನ್‌ಗೆ ಹೋಗುತ್ತಿದ್ದ ವಿಮಾನ ಕಲ್ಕತ್ತೆಯ ದಮ್‌ದಮ್ ನಿಲ್ದಾಣದಿಂದ ದೆಹಲಿಗೆ ಹೊರಟ ಕೆಲವೇ ನಿಮಿಷಕ್ಕೆ ಬಿತ್ತು. 43 ಜನ ಸತ್ತರು. ಬಂಗಾಳದಲ್ಲಿ ಆ ಕಾಲಕ್ಕೆ ಬರುವ ಸಂಜೆಯ ಬಿರುಗಾಳಿ ಮಳೆಯೊಳಗೆ ಅದು ಹೊಕ್ಕಿತ್ತು. ಭಾರತ ಸರ್ಕಾರದ ವಿಚಾರಣೆ ಹೇಳಿದ್ದು ಇಷ್ಟು: ವಿಪರೀತ ಗಾಳಿಯ ಹೊಡೆತದಿಂದಲೋ, ಆ ಗಾಳಿಯಲ್ಲಿ ಪೈಲಟ್ ಜೋರಾಗಿ ಎಳೆದದ್ದರಿಂದಲೋ ವಿಮಾನ ಗಾಳಿಯಲ್ಲೇ ಮುರಿಯಿತು. ಆಗಿನ ಕಾಮೆಟ್‌ನಲ್ಲಿ ಪೈಲಟ್‌ನ ಕೈಗೆ ಭಾರವೇ ಗೊತ್ತಾಗುತ್ತಿರಲಿಲ್ಲ, ಎಷ್ಟು ಎಳೆದೆ ಅನ್ನುವುದು ತಿಳಿಯುತ್ತಿರಲಿಲ್ಲ ಎಂಬ ದೂರು ಇತ್ತು. 1954 ಆದ ಮೇಲೆ ಜನ ಇದಕ್ಕೂ ಕಿಟಕಿಯ ಕಥೆ ಅಂಟಿಸಿದರು. ನಾನು ಅಂಟಿಸುವುದಿಲ್ಲ. 1953ರ ಮಾರ್ಚ್‌ನಲ್ಲಿ ಕರಾಚಿಯಲ್ಲಿ ಬಿದ್ದ ಕಾಮೆಟ್ಟೂ ಬೇರೆ. ಅಲ್ಲಿ ಓಟದಲ್ಲೇ ಮೂತಿಯನ್ನು ಅತಿಯಾಗಿ ಎತ್ತಿದ್ದರಿಂದ ವಿಮಾನ ಏಳಲೇ ಇಲ್ಲ, 11 ಜನ ಹೋದರು. ಹೊಸ ಯಂತ್ರ, ಹೊಸ ಅಭ್ಯಾಸ. ಎಲ್ಲದಕ್ಕೂ ಒಂದೇ ಕಾರಣ ಹುಡುಕಬಾರದು.

ಕಾಮೆಟ್ ಅಲ್ಲಿಗೇ ಸತ್ತಿತು ಅಂತಲೂ ವಿಡಿಯೊ ಹೇಳಿರಬಹುದು. ಇಲ್ಲ. ದಪ್ಪ ತಗಡು, ದುಂಡು ಕಿಟಕಿ, ದೊಡ್ಡ ಮೈಯ ಕಾಮೆಟ್ 4 ಬಂತು. 1958ರ ಅಕ್ಟೋಬರ್ 4ರಂದು ಅಟ್ಲಾಂಟಿಕ್ ದಾಟುವ ಮೊದಲ ಜೆಟ್ ಸೇವೆ ಶುರು ಮಾಡಿದ್ದು ಅದೇ. ಮೂರು ವಾರಕ್ಕೆ ಬೋಯಿಂಗ್ 707 ಬಂತು. ಅದಕ್ಕೆ ಸೀಟು ಜಾಸ್ತಿ, ವೇಗ ಜಾಸ್ತಿ. ಸುರಕ್ಷತೆಯಲ್ಲಿ ಅಲ್ಲ, ವ್ಯಾಪಾರದಲ್ಲಿ ಕಾಮೆಟ್ ಸೋತಿತು. ನಮ್ಮ ಏರ್ ಇಂಡಿಯಾ ಕೂಡ 1960ರಲ್ಲಿ ಜೆಟ್ ಕಾಲಕ್ಕೆ ಕಾಲಿಟ್ಟದ್ದು 707ರಲ್ಲೇ. ಆದರೂ ಪ್ರಯಾಣಿಕರ ಕಾಮೆಟ್ 1980ರ ನವೆಂಬರ್‌ವರೆಗೆ ಹಾರಿತು. ಅದರಿಂದ ಹುಟ್ಟಿದ ನಿಮ್ರಾಡ್ ಸೇನಾ ವಿಮಾನ ಬ್ರಿಟಿಷ್ ವಾಯುಪಡೆಯಲ್ಲಿ 2011ರವರೆಗೆ ಇತ್ತು. ಇನ್ನೊಂದು ಮಾತು. 1960, 70ರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಕ್ಯಾರವೆಲ್ ವಿಮಾನದಲ್ಲಿ ಹೋದವರು ನಿಮ್ಮ ಬಳಗದಲ್ಲಿ ಇದ್ದರೆ ಕೇಳಿ. ಆ ಫ್ರೆಂಚ್ ವಿಮಾನದ ಮೂತಿ, ಪೈಲಟ್ ಕೂರುವ ಭಾಗ ಕಾಮೆಟ್‌ನ ವಿನ್ಯಾಸವೇ. ಗೊತ್ತಿಲ್ಲದೆ ಅವರೆಲ್ಲ ಕಾಮೆಟ್‌ನ ಮೂತಿಯ ಹಿಂದೆ ಕೂತು ಹೋದವರು!

ಇನ್ನು ನಿಮ್ಮ 14 ವರ್ಷದ ವಿಮಾನ. ನಾವು ವಿಮಾನದ ವಯಸ್ಸನ್ನು ವರ್ಷದಲ್ಲಿ ಮಾತ್ರ ಎಣಿಸುವುದಿಲ್ಲ. ಎಷ್ಟು ಸಲ ಏರಿ ಇಳಿಯಿತು ಅನ್ನುವುದು ಮುಖ್ಯ. ನಾವು ಅದನ್ನು ಸೈಕಲ್ ಅನ್ನುತ್ತೇವೆ. ಬೆಂಗಳೂರು–ಮುಂಬೈ ಥರದ ದಾರಿಯಲ್ಲಿ ಓಡಾಡುವ ವಿಮಾನ ದಿನಕ್ಕೆ ಐದಾರು ಸಲ ಏರಿಳಿಯುತ್ತದೆ. ಯೋಕ್ ಪೀಟರ್‌ನ 1,290ನ್ನು ಅದು ಎಂಟು ತಿಂಗಳಲ್ಲಿ ದಾಟಿಬಿಡುತ್ತದೆ. ಏರ್‌ಬಸ್ 320 ಮೊದಲು ಬಂದಾಗಲೇ ಅದರ ಗುರಿ 48,000 ಸೈಕಲ್. ಜರ್ಮನಿಗೆ ಹೋಗುವಂಥ ದೂರದ ವಿಮಾನ ದಿನಕ್ಕೆ ಒಂದೆರಡು ಸಲ ಮಾತ್ರ ಏರುತ್ತದೆ. ಹಾಗಾಗಿ ನಿಮ್ಮ 14 ವರ್ಷದ ವಿಮಾನದ ಮೈ, ದಿನವಿಡೀ ಕುಪ್ಪಳಿಸುವ ಐದು ವರ್ಷದ ಚಿಕ್ಕ ವಿಮಾನಕ್ಕಿಂತ ಕಮ್ಮಿ ದಣಿದಿರಬಹುದು.

ಫಟೀಗ್ ಮಾಯವಾಗಿದೆ ಅಂತ ಹೇಳಿದರೆ ನಾನು ಸುಳ್ಳುಗಾರ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮುಂಭಾಗದ ಚಾವಣಿ ಹಾರಾಟದಲ್ಲೇ ಕಿತ್ತುಹೋಯಿತು. 19 ವರ್ಷದ ವಿಮಾನ, ಆದರೆ 89,680 ಹಾರಾಟ. ದ್ವೀಪದಿಂದ ದ್ವೀಪಕ್ಕೆ ಪುಟ್ಟ ಪುಟ್ಟ ಹಾರಾಟ, ಮೇಲೆ ಸಮುದ್ರದ ಉಪ್ಪುಗಾಳಿ. ತಗಡಿನ ಜೋಡಣೆಯ ಅಂಟು ಬಿಟ್ಟು ರಿವೆಟ್ ತೂತುಗಳಲ್ಲಿ ಬಿರುಕು ಬೆಳೆದಿತ್ತು, ಪರಿಶೀಲನೆಯಲ್ಲಿ ಕಣ್ತಪ್ಪಿತ್ತು. ಒಬ್ಬ ಗಗನಸಖಿ ತೀರಿಕೊಂಡರು. ಆದರೆ ವಿಮಾನ ಇಳಿಯಿತು. ಬೆಲ್ಟ್ ಹಾಕಿ ಕೂತ ಪ್ರಯಾಣಿಕರೆಲ್ಲ ಬದುಕಿದರು. 1954ಕ್ಕೂ ಇದಕ್ಕೂ ಇರುವ ದೂರ ಅಲ್ಲಿದೆ. ಆಗ 'ಬಿರುಕು ಬರುವುದಿಲ್ಲ' ಎಂದು ನಂಬಿ ಕಟ್ಟುತ್ತಿದ್ದರು. ಈಗ 'ಬಿರುಕು ಆಗಲೇ ಇದೆ' ಎಂದುಕೊಂಡೇ ಲೆಕ್ಕ ಹಾಕುತ್ತಾರೆ. ಅದು ಎಷ್ಟು ಹಾರಾಟಕ್ಕೆ ಎಷ್ಟು ಬೆಳೆಯುತ್ತದೆ, ಅಪಾಯದ ಅಳತೆಗೆ ಬರುವ ಮುಂಚೆ ನಾವು ಎಷ್ಟು ಸಲ ಹೋಗಿ ನೋಡಬೇಕು? ಹ್ಯಾಂಗರಿನಲ್ಲಿ ಸೀಟು ಕಿತ್ತು, ಒಳಗೋಡೆ ಬಿಚ್ಚಿ, ಕಣ್ಣಿಗೆ ಕಾಣದ ಬಿರುಕು ಹಿಡಿಯುವ ಪೆನ್ನಿನಂಥ ಎಡ್ಡಿ ಕರೆಂಟ್ ಸಾಧನವನ್ನು ಒಂದೊಂದು ರಿವೆಟ್ಟಿನ ಸುತ್ತ ಆಡಿಸುವ ಹುಡುಗರು ಮಾಡುವುದು ಇದನ್ನೇ. ಬೋರು ಹೊಡೆಸುವ ಕೆಲಸ, ಬೆನ್ನು ನೋಯುತ್ತದೆ. ನಿಮ್ಮ ಸುರಕ್ಷತೆ ನಿಂತಿರುವುದು ಕಿಟಕಿಯ ಆಕಾರಕ್ಕಿಂತ ಜಾಸ್ತಿ ಅವರ ಮೇಲೆ. ಹಾಗಾಗಿ ವಿಮಾನದ ವಯಸ್ಸು ನೋಡುವ ಬದಲು ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ನೋಡಿ. ಹೆಸರಿರುವ ದೊಡ್ಡ ಕಂಪನಿ, ನೇರ ವಿಮಾನ ಆದರೆ ಸಾಕು. ಹೊಸ ವಿಮಾನ ಬೇಕು ಅಂತ ಎರಡು ಕಡೆ ಇಳಿದು ಹತ್ತುವ ಟಿಕೆಟ್ ತಗೊಂಡರೆ ನಿಮಗೆ ಸುಸ್ತು ಜಾಸ್ತಿ, ಲಾಭ ಏನೂ ಇಲ್ಲ.

ಸೀಟಿನ ವಿಷಯ. 2018ರಲ್ಲಿ ಅಮೆರಿಕದಲ್ಲಿ ಎಂಜಿನ್ ಮುರಿದು, ಅದರ ಚೂರು ಬಡಿದು ಕಿಟಕಿ ಒಡೆದು ಒಬ್ಬ ಪ್ರಯಾಣಿಕರು ತೀರಿಕೊಂಡದ್ದು ನಿಜ. ಅಂಥದ್ದು ಎಷ್ಟು ಅಪರೂಪ ಅಂದರೆ ಅದಕ್ಕಾಗಿ ಸೀಟು ಬದಲಿಸಿ ಅಂತ ನಾನು ಹೇಳಲಾರೆ. ಆದರೆ ಬೇರೆ ಕಾರಣಕ್ಕೆ ಬದಲಿಸಿ ಅನ್ನುತ್ತೇನೆ. ಎಂಟು ಒಂಬತ್ತು ಗಂಟೆ ಕಾಲು ಮಡಚಿ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ, ನಿಮ್ಮ ವಯಸ್ಸಿನಲ್ಲಿ ಅದು ಕಿಟಕಿಗಿಂತ ದೊಡ್ಡ ಅಪಾಯ. ಓಡಾಡುವ ದಾರಿ ಪಕ್ಕದ ಸೀಟಾದರೆ ಯಾರನ್ನೂ ಎಬ್ಬಿಸದೆ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಬಿಪಿ, ಶುಗರ್ ಇದ್ದರೆ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿ. ಕೂತಿರುವಾಗಲೆಲ್ಲ ಬೆಲ್ಟ್ ಇರಲಿ, ದೀಪ ಆರಿದ ಮೇಲೂ. ಗಾಳಿಯ ಹೊಡೆತ ಹೇಳಿ ಬರುವುದಿಲ್ಲ. ಮಾಸ್ಕ್ ಕೆಳಗೆ ಬಿದ್ದರೆ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಪಕ್ಕದವರಿಗೆ. ಕಿಟಕಿಯ ಹೊರಹಾಳೆಯಲ್ಲೇ ಬಿರುಕು ಕಂಡರೆ, ಬಾಗಿಲ ಹತ್ತಿರ ಸುಯ್ ಅನ್ನುವ ಜೋರು ಸದ್ದು ಕೇಳಿದರೆ ಸಿಬ್ಬಂದಿಗೆ ಹೇಳಿ. ನಾಚಿಕೊಳ್ಳಬೇಡಿ, ಅವರು ನಗುವುದಿಲ್ಲ.

ಟಿಕೆಟ್ ಬದಲಿಸಬೇಡಿ. ಬಾಣಂತಿಗೆ ಲೇಹ್ಯ ಒಯ್ಯುತ್ತೀರಿ ಅಂದುಕೊಂಡಿದ್ದೇನೆ. ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಚೀಲದಲ್ಲಿ ಡಬ್ಬಿಗೆ 100 ಮಿಲಿಲೀಟರ್‌ಗಿಂತ ಜಾಸ್ತಿ ಇದ್ದರೆ ಸೆಕ್ಯುರಿಟಿಯವರು ಅಲ್ಲೇ ತೆಗೆದಿಡುತ್ತಾರೆ. ಮುಚ್ಚಳವನ್ನು ಭದ್ರ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೆ ಹೋದಾಗ ಒಳಗಿನ ಗಾಳಿ ಹಿಗ್ಗಿ ತುಪ್ಪ ಉಕ್ಕುತ್ತದೆ. ನಮ್ಮ ಮನೆಯವರ ಸೀರೆಗಳು ಒಮ್ಮೆ ಹಾಗೆ ಹಾಳಾಗಿವೆ, ಇವತ್ತಿಗೂ ನನ್ನನ್ನೇ ಬೈಯುತ್ತಾರೆ.